ಲಾವಕ್ಕಿ ಕೀಳಗೊಡದ ಎರಡೆಲೆ

ಕುರುಚಲು ಕಾಡಿನಲ್ಲಿ ಒಂದು ಹೊಂಡ. ಅದರ ದಂಡೆಯ ಮೇಲೆ ಲಾವಕ್ಕಿ, ಮೊಲ, ಕಾಡುಹುಂಜ, ಇನ್ನೂ ಹತ್ತಾರು ಸಣ್ಣಪುಟ್ಟ ಜೀವಗಳು ಅಕ್ಕಪಕ್ಕದಲ್ಲೇ ಸಂಸಾರ ಹೂಡಿದ್ದವು. ಹಾಗಂತ ನೆಮ್ಮದಿಯಾಗಿದ್ದವು ಅಂದುಕೊಳ್ಳಬೇಡಿ ಮಕ್ಕಳೇ! ಬೇಸಿಗೆಯ ಕಿಚ್ಚಿಗೆ ಪೊದೆಗಳೆಲ್ಲ ಸುಟ್ಟುಹೋಗಿ ಅಡಗಲು ಒಂದಿಷ್ಟೂ ಮರೆ ಇರಲಿಲ್ಲ. ಲಾವಕ್ಕಿಯ ಆರು ಮರಿಗಳನ್ನೂ ಗಿಡುಗ ಒಂದೊಂದಾಗಿ ಎತ್ತಿಕೊಂಡು ಹೋಗಿತ್ತು.

"ಮತ್ತೆ ಮೊಟ್ಟೆ ಇಡುತ್ತೇನೆ. ಈ ಸಲ ಒಂದನ್ನೂ ಬಿಟ್ಟುಕೊಡೋದಿಲ್ಲ, ನೋಡುತ್ತಿರು!" ಎಂದು ಲಾವಕ್ಕಿ ಆಕಾಶ ನೋಡಿ ಕೂಗಿತು.

ಮೊದಲ ಮಳೆ ಬಿದ್ದಾಗ ಎಲ್ಲರೂ ತಂತಮ್ಮ ಗೂಡಿನ ಮುಂದೆ ಒಂದೊಂದು ಕುಂಬಳದ ಬೀಜ ಊರಿದರು. ಬಳ್ಳಿ ಹಬ್ಬಿದರೆ ಅಗಲ ಎಲೆಗಳ ಕೆಳಗೆ ಮರಿಗಳನ್ನು ಬಚ್ಚಿಡಬಹುದಲ್ಲ! ವಾರದೊಳಗೆ ಸಸಿಗಳು ತಲೆ ಎತ್ತಿದವು. ಒಂದೊಂದರ ಮೇಲೂ ಎರಡೆರಡು ದಪ್ಪ, ಮೊಂಡು ಎಲೆಗಳು.

ಕಾಡುಹುಂಜಕ್ಕೆ ಎಲ್ಲರ ಕೆಲಸದಲ್ಲೂ ಮೂಗು ತೂರಿಸುವ ಚಟ. ಅದಕ್ಕೆ ಮೂಗೆಲ್ಲಿ, ಕೊಕ್ಕು ಅನ್ನಿ!

"ಛೀ, ಕುಂಬಳದ ಎಲೆ ಹೀಗಿರುತ್ತಾ? ಈ ಎರಡು ಸೋಮಾರಿಗಳು ಸಸಿಯ ಕತ್ತಿನ ಮೇಲೆ ಕೂತು ಅದರ ಪಾಲನ್ನೇ ನುಂಗುತ್ತಿವೆ. ಕಿತ್ತೆಸೆಯಿರಿ!" ಎಂದಿತು ಹುಂಜ.

"ಹೌದು ಹುಂಜಣ್ಣ, ನೋಡೋಕೂ ಚೆನ್ನಾಗಿಲ್ಲ," ಎಂದು ಮೊಲ ತಲೆಯಾಡಿಸಿತು. ಎಲ್ಲರ ಅಂಗಳದಲ್ಲೂ ಎಲೆಗಳು ಪಟಪಟನೆ ಉದುರಿದವು. ಹುಂಜ ಲಾವಕ್ಕಿಯ ಸಸಿಗೂ ಕೊಕ್ಕು ಚಾಚಿತು.

"ಮುಟ್ಟಬೇಡ!"

"ಏನು ಲಾವಕ್ಕ, ನನಗೇ ಎದುರು ಮಾತಾ?"

"ಹೌದು, ನಿನಗೇ! ಮೊಳಕೆಯೊಡೆದ ಬೀಜಗಳನ್ನು ಎಷ್ಟು ಕೆದರಿ ನೋಡಿದ್ದೀನಿ ನಾನು. ನೀನೂ ಕೆದರುತ್ತೀಯ, ಆದರೆ ನೋಡೋದಿಲ್ಲ, ನುಂಗಿಬಿಡುತ್ತೀಯ. ಬೀಜದೊಳಗಿನ ತಿರುಳೇ ಎರಡು ಹೋಳಾಗಿ ಮೇಲೆ ಬಂದಿದೆ. ಬೇರು ಇನ್ನೂ ನೂಲಿನಷ್ಟಿದೆ, ನಿಜವಾದ ಎಲೆ ಕಣ್ಣೇ ಬಿಟ್ಟಿಲ್ಲ. ಅಲ್ಲಿಯವರೆಗೆ ಈ ಕೂಸಿಗೆ ಇದೇ ಬುತ್ತಿ. ಅದನ್ನೂ ಕಿತ್ತುಕೊಂಡರೆ ಏನು ತಿನ್ನಬೇಕು, ನಿನ್ನ ಜುಟ್ಟನ್ನಾ?"

ಹುಂಜದ ಜುಟ್ಟು ಇನ್ನಷ್ಟು ಕೆಂಪಾಯಿತು. "ಕೀಳದಿದ್ದರೆ ಈ ದಂಡೆಯಲ್ಲಿ ಯಾರೂ ನಿನ್ನ ಜೊತೆ ಮಾತಾಡೋದಿಲ್ಲ."

"ಬೇಡ ಬಿಡು!" ಲಾವಕ್ಕಿ ಸಸಿಯ ಮುಂದೆ ರೆಕ್ಕೆ ಹರಡಿ ನಿಂತಿತು. "ಎಲೆ ಕೀಳಬೇಕಾದರೆ ಮೊದಲು ನನ್ನ ಪುಕ್ಕ ಕೀಳು."

ಹುಂಜ ಗೊಣಗುತ್ತಾ ಹೋಯಿತು. ಅಂದಿನಿಂದ ಲಾವಕ್ಕಿಯನ್ನು ಯಾರೂ ಮಾತಾಡಿಸಲಿಲ್ಲ. ನೀರಿಗೆ ಬಂದರೆ ಮೊಲವೂ ಮುಖ ತಿರುಗಿಸಿತು. ಲಾವಕ್ಕಿಗೆ ಬಹಳ ನೋವಾಯಿತು. ಆದರೂ ಸಸಿಯ ಪಕ್ಕ ಬಿಟ್ಟು ಕದಲಲಿಲ್ಲ.

ಅಷ್ಟರಲ್ಲಿ ಮಳೆಯೂ ಕೈಕೊಟ್ಟಿತು. ಎಲೆ ಕಿತ್ತ ಸಸಿಗಳು ಬೆಳೆಯಲು ಬಲವಿಲ್ಲದೆ ಒಂದೊಂದಾಗಿ ಒಣಗಿದವು. ಲಾವಕ್ಕಿಯ ಸಸಿಯಲ್ಲಿ ಮಾತ್ರ ದಪ್ಪ ಎಲೆಗಳ ನಡುವಿನಿಂದ ಹೊಸ ಎಲೆ ಬಂತು, ಬೇರು ಆಳಕ್ಕೆ ಇಳಿಯಿತು. ಕೆಲಸ ಮುಗಿದ ಮೇಲೆ ಆ ಎರಡು ಎಲೆಗಳು ಹಳದಿಯಾಗಿ ತಾವಾಗಿಯೇ ಉದುರಿದವು. ಮತ್ತೆ ಮಳೆ ಹಿಡಿದದ್ದೇ ತಡ, ಬಳ್ಳಿ ದಂಡೆಯ ತುಂಬ ಹಬ್ಬಿತು. ಅದರಡಿಯಲ್ಲಿ ಲಾವಕ್ಕಿ ಏಳು ಮೊಟ್ಟೆ ಇಟ್ಟು ಮರಿ ಮಾಡಿತು.

ಒಂದು ಮಧ್ಯಾಹ್ನ ಗಿಡುಗದ ನೆರಳು ನೆಲದ ಮೇಲೆ ಹಾಯಿತು. ದಂಡೆಯವರೆಲ್ಲ ಎದ್ದೆನೋ ಬಿದ್ದೆನೋ ಎಂದು ಬಳ್ಳಿಯತ್ತ ಓಡಿಬಂದರು. ಎಲ್ಲರಿಗಿಂತ ಹಿಂದೆ, ಮೂರು ಮರಿಗಳನ್ನು ಅಟ್ಟಿಕೊಂಡು ಹುಂಜ.

"ಲಾವಕ್ಕ, ಒಳಗೆ ಬಿಡವ್ವಾ!"

"ಮರಿಗಳು ಮೊದಲು, ಆಮೇಲೆ ನೀನು. ಒಂದು ಎಲೆಗೆ ಕೊಕ್ಕು ತಾಗಿಸಿದೆಯೋ, ಹೊರಗೆ ಹಾಕ್ತೀನಿ!"

ಹುಂಜ ಮರಿಗಳನ್ನು ಒಳಗೆ ಕಳಿಸಿ, ಕೊಕ್ಕನ್ನು ರೆಕ್ಕೆಯಡಿ ಹುದುಗಿಸಿ ಮುದುರಿ ಕೂತಿತು. ಮೇಲೆ ಗಿಡುಗ ಸುತ್ತಿತು, ಮತ್ತೆ ಸುತ್ತಿತು. ಏನೂ ಕಾಣದೆ ಹಾರಿಹೋಯಿತು. ಲಾವಕ್ಕಿ ತನ್ನ ಮರಿಗಳನ್ನು ಎಣಿಸಿತು. ಏಳಕ್ಕೆ ಏಳೂ ಇದ್ದವು.

ನೀತಿ: ಕಣ್ಣಾರೆ ಕಂಡು ಅರಿತ ಸತ್ಯವನ್ನು, ಎಲ್ಲರೂ ಎದುರು ನಿಂತರೂ ಬಿಟ್ಟುಕೊಡಬಾರದು.