ದೀಪದ ನೆತ್ತಿಯ ಮೇಲೊಂದು ಕೈ

ಹೊಳೆದಂಡೆಯ ಒಂದು ಸಣ್ಣ ಮಠದಲ್ಲಿ ಮುರಿಗೆಜ್ಜನವರೆಂಬ ಗುರುವಿದ್ದರು. ಅಡಿವೆಪ್ಪ ಅವರ ಶಿಷ್ಯ.

ಅಜ್ಜನವರ ಮುಂದೆ ಹಳೆಯದೊಂದು ಮೇಜಿನ ದೀಪ. ಹಿತ್ತಾಳೆಯ ಕಾಲು, ಬಟ್ಟೆಯ ಟೋಪಿ, ಒಳಗೆ ಮಂಕು ಬಲ್ಬು. ಅದರ ಬೆಳಕಿನಲ್ಲಿ ಅವರು ತಮ್ಮ ಗುರು ಬಿಟ್ಟುಹೋದ ತಾಳೆಗರಿಗಳನ್ನು ಓದುತ್ತಿದ್ದರು, ಅಡಿವೆಪ್ಪನಿಗೂ ಆ ಹಳೆಯ ಅಕ್ಷರ ಕಲಿಸುತ್ತಿದ್ದರು.

ದಿನಾ ಸಂಜೆ ದೀಪ ಹಚ್ಚಿದ ಸ್ವಲ್ಪ ಹೊತ್ತಿಗೆ ಅಜ್ಜನವರು ಅದರ ಟೋಪಿಯ ಮೇಲೆ ಅಂಗೈ ಇಡುತ್ತಿದ್ದರು. ಅಡಿವೆಪ್ಪನೂ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದ. ಬಂದ ಭಕ್ತರೂ ಹಾಗೇ ಮಾಡುತ್ತಿದ್ದರು. ಯಾಕೆಂದು ಯಾರೂ ಕೇಳಲಿಲ್ಲ. ಮಠದ ದೀಪವೆಂದ ಮೇಲೆ ಕೇಳುವುದೇನಿದೆ?

ಈ ವರ್ಷ ಅಜ್ಜನವರ ಕಣ್ಣು ಮಬ್ಬಾಗತೊಡಗಿತ್ತು. ಗರಿಗಳು ಇನ್ನೂ ಉಳಿದಿದ್ದವು. ಅವು ಮುಗಿಯುವ ಮೊದಲೇ ಕಣ್ಣು ಹೋದರೆ ಓದುವವರು ಯಾರು? ಅಡಿವೆಪ್ಪನಿಗೆ ಅದೇ ಭಯ.

"ಅಜ್ಜಾರ, ಈ ಬಲ್ಬು ಸಾಲಂಗಿಲ್ರಿ. ದೊಡ್ಡದು ಹಾಕೂಣೇನ್ರಿ?"

"ಎಷ್ಟು ದೊಡ್ಡದು?"

"ಅಂಗಡ್ಯಾಗ ಎಲ್ಲಾಕಿಂತ ದೊಡ್ಡದು."

"ದೀಪಾನ ಒಂದು ಮಾತು ಕೇಳಿದೇನು?"

ಅಜ್ಜನವರು ತಮಾಷೆ ಮಾಡಿದರೆಂದು ಅಡಿವೆಪ್ಪ ನಕ್ಕ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯುವವನು ಅವನು. ಮರುದಿನವೇ ಇನ್ನೂರು ವ್ಯಾಟಿನ ಬಲ್ಬು ತಂದು ಹಾಕಿದ.

ಕೋಣೆ ಹಾಡಹಗಲಾಯಿತು. ಅಜ್ಜನವರು ಎರಡು ಗರಿಗಳನ್ನು ಸರಾಗವಾಗಿ ಓದಿದರು. ಅಡಿವೆಪ್ಪ ಹಿಗ್ಗಿಹೋದ.

ಆಮೇಲೆ ಏನೋ ಕಮರು ವಾಸನೆ. ಅಜ್ಜನವರು ಟೋಪಿಯ ಮೇಲೆ ಕೈಯಿಟ್ಟು ಸರಕ್ಕನೆ ಹಿಂದೆಳೆದರು.

"ತಮ್ಮಾ, ಪ್ಲಗ್ ತಗಿ!"

ಅಡಿವೆಪ್ಪ ಪ್ಲಗ್ ಕಿತ್ತ. ಕಿತ್ತವನು, ಇವತ್ತಿನ ನಮಸ್ಕಾರ ಬಾಕಿಯಿದೆಯೆಂದು ಭಕ್ತಿಯಿಂದ ಟೋಪಿಯ ಮೇಲೆ ಕೈಯಿಟ್ಟ.

"ಅಯ್ಯಯ್ಯಪ್ಪೋ!"

"ಇವತ್ತ ಪ್ರಸಾದ ಸ್ವಲ್ಪ ಹೆಚ್ಚಾತು," ಅಂದರು ಅಜ್ಜನವರು. "ಹೋಗು, ನೀರಾಗ ಕೈ ಇಡು."

ಅವನು ಬಿಂದಿಗೆಯ ನೀರಿನಲ್ಲಿ ಕೈಯಿಟ್ಟುಕೊಂಡೇ ಕೇಳಿದ: "ಅಜ್ಜಾರ, ನೀವೂ ದಿನಾ ದೀಪ ಮುಟ್ಟಿ ನಮಸ್ಕಾರ ಮಾಡತಿದ್ರೆಲ್ರಿ?"

"ನಮಸ್ಕಾರ ಮಾಡತಿದ್ದವ ನೀನು. ನಾ ಬಿಸಿ ನೋಡತಿದ್ದೆ."

ಅಡಿವೆಪ್ಪನಿಗೆ ನಾಚಿಕೆಯಾಯಿತು. ಟೋಪಿಯ ಬಟ್ಟೆ ಕಂದಿತ್ತು. ಅದರ ಕೆಳಗೇ ಒಣಗಿದ ತಾಳೆಗರಿಗಳ ಕಟ್ಟು. ಅವನು ಗಡಬಡಿಸಿ ಅದನ್ನು ದೂರ ಸರಿಸಿದ.

ದೀಪ ಆರಿ ತಣ್ಣಗಾದ ಮೇಲೆ ಅಜ್ಜನವರು ಬಲ್ಬು ಬಿಚ್ಚಿಸಿದರು. ಹೋಲ್ಡರಿನ ಅಂಚಿನ ಧೂಳು ಒರೆಸಿದಾಗ ಕೆತ್ತಿದ ಅಕ್ಷರ ಕಂಡಿತು. ನಲವತ್ತು ವ್ಯಾಟಿಗಿಂತ ಹೆಚ್ಚು ಬೇಡ.

"ಕೇಳಿದ್ರ ದೀಪ ಇದನ್ನ ಹೇಳತಿತ್ತು," ಅಂದರು.

"ಹಂಗಾರ ಇದಕ್ಕಿಂತ ಹೆಚ್ಚಿನ ಬೆಳಕು ಇದರ ಹಣ್ಯಾಗ ಬರದಿಲ್ಲೇನ್ರಿ?"

"ಅದು ಬೆಳಕಿನ ಲೆಕ್ಕ ಅಲ್ಲೋ, ಊಟದ ಲೆಕ್ಕ. ಬಲ್ಬು ಎಷ್ಟು ಉಣ್ಣತೈತಿ ಅನ್ನೂದು. ಈ ಹಳೇ ಥರದ ಬಲ್ಬು ಉಂಡದ್ದರಾಗ ಚೂರು ಬೆಳಕು, ಉಳಿದದ್ದೆಲ್ಲ ಬರೇ ಕಾವು."

"ಮತ್ತ ಎಂಥಾದು ತರ್ಲಿ?"

"ಕಡಿಮಿ ಉಂಡು ಹೆಚ್ಚು ಬೆಳಗೂದು. ದೀಪಾನೂ ಒಯ್ಯಿ. ಅದರ ವೈರು ಬಿರುಕು ಬಿಟ್ಟೈತಿ, ಬದಲಿಸ್ಕೊಂಡು ಬಾ."

ಇದು ಒಗಟೋ ಸಾಮಾನಿನ ಹೆಸರೋ ತಿಳಿಯದೆ ಅಡಿವೆಪ್ಪ ದಾರಿಯುದ್ದಕ್ಕೂ ತಲೆ ಕೆರೆದುಕೊಂಡ. ಪೇಟೆಯ ಅಂಗಡಿಯಲ್ಲಿ ಆ ಮಾತನ್ನೇ ಹೇಳಿದ. ಅಂಗಡಿಯವನು ಒಂಬತ್ತು ವ್ಯಾಟಿನ ಎಲ್ಇಡಿ ಬಲ್ಬು ಕೊಟ್ಟ. ನಲವತ್ತರ ಜಾಗದಲ್ಲಿ ಒಂಬತ್ತೇ? ಅವನಿಗೆ ನಂಬಿಕೆ ಬರಲಿಲ್ಲ.

ಸಂಜೆ ದೀಪ ಹಚ್ಚಿದರು. ಇನ್ನೂರರ ಅಬ್ಬರ ಇರಲಿಲ್ಲ, ಆದರೆ ಹಳೆಯ ಮಂಕೂ ಇರಲಿಲ್ಲ. ಸ್ವಲ್ಪ ಹೊತ್ತು ಕಾದರು.

"ಇವತ್ತ ನೀನ ನೋಡು," ಅಂದರು ಅಜ್ಜನವರು.

ಅವನು ಹೆದರುತ್ತಲೇ ಅಂಗೈ ಇಟ್ಟ. ಬಿಸಿಯೇ ಇಲ್ಲ. ಚಟ ಬಿಡಲಿಲ್ಲ, ಕೈಯನ್ನು ಕಣ್ಣಿಗೂ ಒತ್ತಿಕೊಂಡ. ಅಜ್ಜನವರು ನಕ್ಕರು.

ಅವರು ಒಂದು ಗರಿ ಓದಿದರು. ಎರಡನೆಯದಕ್ಕೆ ಕಣ್ಣು ದಣಿದು ನೀರು ಬಂತು. ಗರಿಯನ್ನು ಕೆಳಗಿಟ್ಟರು. ಅಡಿವೆಪ್ಪನಿಗೆ ದುಃಖ ಉಕ್ಕಿ ಬಂತು. ಇಷ್ಟೆಲ್ಲ ಮಾಡಿಯೂ ಹೊತ್ತು ಮೀರಿತೇ?

ಆಗ ಅವನ ಕಣ್ಣು ಆ ಗರಿಯ ಮೇಲೆ ಬಿತ್ತು. ಇಷ್ಟು ದಿನ ತಡಕಾಡುತ್ತಿದ್ದ ಅಕ್ಷರಗಳು ಒಂದೊಂದೇ ಕಾಣುತ್ತಿದ್ದವು. ಬಾಯಿ ಬಿಟ್ಟು ಒಂದು ಸಾಲು ಓದಿದ. ಇನ್ನೊಂದು ಓದಿದ.

ಅಜ್ಜನವರು ಇಡೀ ಕಟ್ಟನ್ನು ಅವನ ಮುಂದೆ ಸರಿಸಿದರು.

ಅಡಿವೆಪ್ಪನಿಗೆ ಮೈಯೆಲ್ಲ ಹುರುಪು. ದನಿ ಏರಿತು. ಎಲ್ಲವನ್ನೂ ಈಗಲೇ ಓದಿ ಮುಗಿಸುವವನಂತೆ ಅಕ್ಷರ ನುಂಗುತ್ತ ಓಡಿದ.

ಅವನ ನೆತ್ತಿಯ ಮೇಲೆ ಒಂದು ಅಂಗೈ ಬಂದು ಕೂತಿತು. ಅವನು ಕೈ ಮುಗಿದ. ಓದು ನಿಂತಿತು.

"ಆಶೀರ್ವಾದ ಏನ್ರಿ, ಅಜ್ಜಾರ?"

"ಬಿಸಿ ನೋಡಾಕತ್ತೀನಿ. ಮೆಲ್ಲಕ ಓದು."