ಪಾತಾಳಗರಡಿಗೆ ಸಿಕ್ಕಿದ್ದು

“ಮೇಡಂ, ಸೂಜಿಯೇ ಏನೂ ಇಲ್ಲ ಎಂದ ಮೇಲೆ ಅವರನ್ನು ಇನ್ನೂ ಯಾಕೆ ಕೂರಿಸಿಕೊಳ್ಳಬೇಕು?” ಎಂದು ಮಂಜರಿ ಕೇಳಿದಳು.

ಅವರು ಎಂದರೆ ಶಿವಗಂಗಮ್ಮ. ಹೊರಗಿನ ಬೆಂಚಿನ ಮೇಲೆ ಬ್ಯಾಗನ್ನು ಮಡಿಲಲ್ಲಿಟ್ಟುಕೊಂಡು, ಮನೆಗೆ ಹೋಗಿ ಎನ್ನುವ ಮಾತಿಗೆ ಕಾಯುತ್ತಿದ್ದರು. ಅವರ ಎದೆಯ ಗಂಟನ್ನು ಅಲ್ಟ್ರಾಸೌಂಡ್ ಪರದೆಯಲ್ಲಿ ಮಂಜರಿಯೇ ನೋಡಿದ್ದಳು. ಅಂಚೆಲ್ಲ ನೆಗ್ಗಿಲು ಮುಳ್ಳಿನಂತೆ ಚಾಚಿಕೊಂಡಿತ್ತು. ಕ್ಯಾನ್ಸರ್ ಎಂಬ ಮಾತನ್ನು ಅಂದು ಯಾರೂ ಬಾಯಿಬಿಟ್ಟು ಆಡಿರಲಿಲ್ಲ. ಪರದೆ ನೋಡಿಕೊಂಡೇ ಸೂಜಿ ಹಾಕಿ ಚೂರು ತೆಗೆದು ಲ್ಯಾಬಿಗೆ ಕಳಿಸಿದ್ದಳು. ಬರೀ ಕೊಬ್ಬು ಎಂದು ವರದಿ ಬಂದಿತ್ತು. ಡಾಕ್ಟರಿಕೆ ಕಲಿಯುವವರಿಗೆ ಒಳ್ಳೆಯ ಸುದ್ದಿ ಹೇಳುವ ಅವಕಾಶ ದಿನವೂ ಸಿಗುವುದಿಲ್ಲ.

“ನೋಡಿಕೊಂಡು ಹಾಕಿದ ಸೂಜಿ ತಪ್ಪುವುದು ಅಪರೂಪ ಎಂದು ನೀವೇ ಪಾಠ ಮಾಡಿದ್ದೀರಿ.”

“ಮಾಡಿದ್ದೇನೆ. ನಾಳೆಯೂ ಮಾಡುತ್ತೇನೆ,” ಎಂದರು ಡಾಕ್ಟರ್ ಇಟಗಿ. “ಕೂತುಕೊ. ಒಂದು ಬಾವಿಯ ಕತೆ ಕೇಳು.”

ಒಬ್ಬ ರೈತನ ಬಾವಿಯ ನೀರು ವಾಸನೆ ಹೊಡೆಯತೊಡಗಿತು. ಬಾವಿ ಆಳ, ಒಳಗೆ ಕತ್ತಲು. ರೈತನ ಹೆಂಡತಿ ಗೋಡೆಯ ಕನ್ನಡಿ ತಂದು ಬಿಸಿಲಿಗೆ ಹಿಡಿದು ಬೆಳಕನ್ನು ಒಳಗೆ ಬಿಟ್ಟಳು. ನೀರಿನಡಿ ಕಲ್ಲಿನ ಸಂದಿಯಲ್ಲಿ ಕಪ್ಪಗೆ ಏನೋ ಸಿಕ್ಕಿಕೊಂಡಿತ್ತು. ಅದಕ್ಕೊಂದು ಬಾಲವಿತ್ತು.

ಬಾವಿಗೆ ಬಿದ್ದ ಕೊಡಗಳನ್ನು ಎತ್ತಿಕೊಡುವವನೊಬ್ಬನಿದ್ದ. ಕೊಕ್ಕೆಗಳ ಗೊಂಚಲಿನ ಪಾತಾಳಗರಡಿ ಹಿಡಿದು ಬಂದನು. ಅವನ ಕೈ ತಪ್ಪಿದ್ದನ್ನು ಕಂಡವರಿಲ್ಲ. ಅವಳು ಬೆಳಕು ಹಿಡಿದಳು, ಅವನು ಹಗ್ಗ ಬಿಟ್ಟನು. ಗರಡಿ ಇಳಿಯುತ್ತಲೇ ನೀರು ಕಲಕಿತು. ಆದರೂ ಕೊಕ್ಕೆಗೆ ಏನೋ ಸಿಕ್ಕಿತು. ಎಳೆದು ನೋಡಿದರೆ ತೆಂಗಿನ ಸಿಪ್ಪೆ.

“ಇಷ್ಟೇ ಕಣಮ್ಮ. ಧಾರಾಳವಾಗಿ ಕುಡಿಯಿರಿ,” ಎಂದನು. ಮನೆಯವರಿಗೆ ಹೋದ ಜೀವ ಬಂದಂತಾಯಿತು. ರೈತ ಆಗಲೇ ಕೊಡ ಇಳಿಸಿದನು.

“ತೆಂಗಿನ ಸಿಪ್ಪೆಗೆ ಬಾಲ ಯಾವಾಗ ಬಂತಪ್ಪ?” ಎಂದಳು ಹೆಂಡತಿ.

“ನನ್ನ ಗರಡಿ ಸುಳ್ಳು ಹೇಳುತ್ತದೆಯೇ?”

“ಸಿಪ್ಪೆ ಸಿಪ್ಪೆಯೇ. ಅದರಲ್ಲೇನು ಸುಳ್ಳು?”

ನೀರು ತಿಳಿಯಾಗುವವರೆಗೆ ಕಾದು ಅವಳು ಮತ್ತೆ ಕನ್ನಡಿ ಹಿಡಿದಳು. ಬಾಲ ಅಲ್ಲೇ ಇತ್ತು. ಈ ಸಲ ಗರಡಿಯವನು ಬೆಳಕು ಬಿದ್ದ ಜಾಗದಿಂದ ಕಣ್ಣು ಕೀಳದೆ ಹಗ್ಗವನ್ನು ನಿಧಾನವಾಗಿ ಇಳಿಸಿದನು. ಒಂದೇ ಸಲಕ್ಕೆ ಸತ್ತ ಹೆಗ್ಗಣ ಮೇಲೆ ಬಂತು. ಕೊಡದ ನೀರನ್ನು ಇನ್ನೂ ಯಾರೂ ಕುಡಿದಿರಲಿಲ್ಲ.

ಕತೆ ಮುಗಿಯಿತು. ಮಂಜರಿ ವರದಿಯ ಹಾಳೆಯನ್ನು ಇನ್ನೂ ಕೈಯಲ್ಲೇ ಹಿಡಿದಿದ್ದಳು.

“ಆದರೆ ಮೇಡಂ, ನಮ್ಮ ಲ್ಯಾಬಿನವರು ಗರಡಿಯವನಂತೆ ಅವಸರದವರಲ್ಲ. ಅವರು ಕೊಬ್ಬು ಎಂದರೆ ಅದು ಕೊಬ್ಬೇ.”

“ಕೊಬ್ಬೇ, ಒಪ್ಪಿದೆ. ಅದಕ್ಕೆ ಮುಳ್ಳು ಯಾವಾಗ ಬಂತಮ್ಮ?”

ಮಂಜರಿ ವರದಿಯನ್ನು ಮೇಜಿನ ಮೇಲಿಟ್ಟಳು. ಎದ್ದು ಹೋಗಿ, ಇನ್ನೊಮ್ಮೆ ಸೂಜಿ ಹಾಕಲು ಶಿವಗಂಗಮ್ಮನವರನ್ನು ಒಳಗೆ ಕರೆದುಕೊಂಡು ಬಂದಳು.