ಫಕೀರವ್ವನ ಕೀಲಿ

ಶಂಭುಲಿಂಗನಿಗೆ ಸಿಟ್ಟು ನೆತ್ತಿಗೇರಿತ್ತು.

ಆಶ್ರಮದ ಸರ್ವರ್‌ನಲ್ಲಿದ್ದ ವೈದ್ಯದ ಓಲೆಗರಿಗಳ ಫೋಟೊ ಒಂದೂ ಉಳಿದಿರಲಿಲ್ಲ. ಮೂಲ ಗರಿಗಳನ್ನು ಗೆದ್ದಲು ತಿಂದು ವರ್ಷವಾಗಿತ್ತು. ಯಾರು ಅಳಿಸಿದರೆಂದು ಸರ್ವರ್‌ನ ದಾಖಲೆಯೇ ಹೇಳುತ್ತಿತ್ತು: ಫಕೀರವ್ವ, ಬೆಳಿಗ್ಗೆ ಹತ್ತು ಗಂಟೆ.

ಅವನು ದಾಪುಗಾಲು ಹಾಕುತ್ತ ಹೊಳೆದಂಡೆಗೆ ಹೋದ. ಗುರು ಚನ್ನಮಲ್ಲಯ್ಯ ಕಲ್ಲಿನ ಮೇಲೆ ಕೂತಿದ್ದರು.

"ಅಪ್ಪಾರ, ಫಕೀರವ್ವನ್ನ ಇವತ್ತೇ ಆಶ್ರಮದಿಂದ ಹೊರಗ ಹಾಕ್ರಿ."

"ಆಕೀನೇ ಅಳಿಸಿದ್ಲು ಅಂತ ಹೆಂಗ ಗೊತ್ತಾತು?"

"ಒಳಗ ಹೋಗಿದ್ದು ಆಕಿ ಸರ್ಟಿಫಿಕೇಟ್‌ನಿಂದ. ಅದು ಸುಳ್ಳು ಹೇಳಂಗಿಲ್ಲ ಅಂತ ನೀವೇ ಹೇಳಿದ್ರಿ."

ಹೇಳಿದ್ದು ನಿಜ. ಮೊದಲು ಸರ್ವರ್ ನೋಡಿಕೊಳ್ಳುವ ಎಂಟು ಮಂದಿಗೂ ಒಂದೇ ಪಾಸ್‌ವರ್ಡ್ ಇತ್ತು. ಏನು ಕೆಟ್ಟರೂ ಎಲ್ಲರೂ ಗೋಡೆ ನೋಡುತ್ತಿದ್ದರು. ಅದಕ್ಕೇ ಒಬ್ಬೊಬ್ಬರಿಗೂ ಅವರದೇ ಗುಟ್ಟಿನ ಕೀಲಿ, ಆ ಕೀಲಿ ಹಿಡಿದವರು ಇವರೇ ಎಂದು ಸರ್ವರ್‌ಗೆ ಹೇಳುವ ಅವರದೇ ಹೆಸರಿನ ಸರ್ಟಿಫಿಕೇಟ್ ಇರಲೆಂದು ಗುರು ಆ ಕೆಲಸವನ್ನು ಶಂಭುಲಿಂಗನಿಗೆ ಒಪ್ಪಿಸಿದ್ದರು.

ಫಕೀರವ್ವನನ್ನು ಕರೆಸಿದರು. ಗರಿಗಳ ಧೂಳು ಒರೆಸಿ, ಒಂದೊಂದರ ಫೋಟೊ ಹಿಡಿದು ಸರ್ವರ್‌ಗೆ ಏರಿಸಿದವಳೇ ಅವಳು. ರೊಟ್ಟಿ ಬಡಿಯುವುದನ್ನು ಬಿಟ್ಟು ಹಿಟ್ಟಿನ ಕೈಯಲ್ಲೇ ಬಂದಳು.

"ನಾ ಅಳಿಸಿಲ್ರೀ. ಕೂಸಿನಂಗ ಕಾದೀನಿ ಅವನ್ನ."

"ಬಾಯಿ ಮುಚ್ಚು," ಎಂದ ಶಂಭುಲಿಂಗ. "ಸಿಕ್ಕಿಬಿದ್ದವರೆಲ್ಲ ಹಿಂಗೇ ಅನ್ನೋದು."

ಮೆತ್ತಗಿದ್ದವರಿಗೆ ಮತ್ತೊಂದು ಗುದ್ದು. ಅವಳು ತಲೆ ತಗ್ಗಿಸಿದಳು.

ಗುರು ಅವನತ್ತ ತಿರುಗಿದರು. "ಆಕಿ ಕೀಲಿ ಮಾಡಿದವರು ಯಾರು?"

"ನಾನೇ. ಒಬ್ಬೊಬ್ಬರಿಗೂ ಕಲಿಸ್ಕೋತ ಕೂತಿದ್ರ ಯುಗಾದಿ ಬರತಿತ್ತು. ಎಂಟೂ ಮಂದೀದು ಒಮ್ಮೆಲೇ ಮಾಡಿ ಪೆನ್‌ಡ್ರೈವ್‌ನ್ಯಾಗ ಹಾಕಿ ಕೊಟ್ಟೆ."

"ನೀನೂ ಒಂದೊಂದು ಪ್ರತಿ ಇಟ್ಕೊಂಡಿ?"

"ಮತ್ತ? ಕಳಕೊಂಡು ನನ್ನ ಹತ್ರನೇ ಅಳಕೋತ ಬರ್ತಾರಲ್ರೀ. ನನ್ನ ಲ್ಯಾಪ್‌ಟಾಪ್‌ನ್ಯಾಗ ಅದಾವ."

ಗುರು ಎದ್ದು ಕಚೇರಿಗೆ ನಡೆದರು. ಇಬ್ಬರೂ ಹಿಂದೆ ಹೋದರು. ಮೇಜಿನ ಮೇಲೆ ಶಂಭುಲಿಂಗನ ಲ್ಯಾಪ್‌ಟಾಪ್ ಎಂದಿನಂತೆ ತೆರೆದೇ ಇತ್ತು. ಗುರು ಕೂತು, ಅದರಲ್ಲಿದ್ದ ಎಂಟು ಕೀಲಿಗಳ ಹೆಸರುಗಳಲ್ಲಿ ಒಂದನ್ನು ಆರಿಸಿ ಒತ್ತಿದರು.

ಪರದೆಯ ಮೇಲೆ ಬಂತು: ಸ್ವಾಗತ, ಫಕೀರವ್ವ.

ಫಕೀರವ್ವ ಬಾಗಿಲಲ್ಲಿ ನಿಂತಿದ್ದಳು. ಕೈಗಂಟಿದ ಹಿಟ್ಟು ಇನ್ನೂ ಒಣಗಿರಲಿಲ್ಲ.

ಶಂಭುಲಿಂಗನ ಮುಖ ಕಪ್ಪಿಟ್ಟಿತು. ಸಿಟ್ಟು ಮಾತ್ರ ಇಳಿಯಲಿಲ್ಲ, ಗುರುವಿನ ಮೇಲೆ ತಿರುಗಿತು.

"ಹಂಗಾದ್ರ ಅಳಿಸಿದವರು ಯಾರು? ನೀವೇ ಹೇಳ್ರಿ."

"ನನಗ ಗೊತ್ತಿಲ್ಲ. ಆಕಿ ಇರಬಹುದು, ನೀ ಇರಬಹುದು, ಈ ಬಾಗಿಲ ದಾಟಿದವರು ಯಾರರ ಇರಬಹುದು. ಇನ್ನ ಯಾರಿಗೂ ಗೊತ್ತಾಗಂಗಿಲ್ಲ." ಗುರುವಿನ ದನಿ ಏರಲಿಲ್ಲ, ಆದರೆ ಲ್ಯಾಪ್‌ಟಾಪನ್ನು ಫಟ್ಟನೆ ಮುಚ್ಚಿದರು. ಅವರಿಗೂ ಸಿಟ್ಟು ಬಂದಿತ್ತು.

"ಇಷ್ಟು ದೊಡ್ಡ ಹಾನಿ ಆಗೇತಿ. ಯಾರನ್ನರ ಹೊರಗ ಹಾಕಬೇಕಲ್ರೀ."

"ಹಾಕು," ಎಂದರು ಗುರು. "ಆಕೀನ್ನ ಹೊರಗ ಹಾಕೋಕಿಂತ ಮೊದಲ, ಆಕಿ ಹೆಸರಿನ್ಯಾಗ ಒಳಗ ಹೋಗಬಲ್ಲವನನ್ನ ಹೊರಗ ಹಾಕು."